ಮಿಲ್ಕ್, ಡಾರ್ಕ್, ಚಾಕೊ, ಚಿಕ್ಕಿ: ಹಿಂದಿನ ಲೇಬಲ್ ಓದುತ್ತಾ ತಿಂದು ನೋಡಿದ್ದು

ಚಾಕೊಲೇಟ್ ಕೊಳ್ಳುವಾಗ ಎಲ್ಲರೂ ಮುಂದಿನ ಬಣ್ಣದ ಕಾಗದ ನೋಡುತ್ತೇವೆ. ಹಿಂದಿನ ಸಣ್ಣ ಅಕ್ಷರ ಓದುವುದು ಡಯಟ್ ಶುರು ಮಾಡಿದ ಮೊದಲ ವಾರದಲ್ಲಿ ಮಾತ್ರ. ನಾನು ಇತ್ತೀಚೆಗೆ ಆ ಸಣ್ಣ ಅಕ್ಷರಗಳ ಹಿಂದೆ ಬಿದ್ದೆ. ಮಾಮೂಲಿ ಅಂಗಡಿಯಲ್ಲಿ ಸಿಗುವ ಬೇರೆ ಬೇರೆ ಬಗೆಯ ಚಾಕೊಲೇಟ್ ತಂದು, ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ತೂಗಿ, ಸಂಜೆ ಕಾಫಿ ಹೊತ್ತಿಗೆ ಒಂದೊಂದನ್ನೇ ತಿಂದು ನೋಡಿದೆ. ಡೈರಿ ಮಿಲ್ಕ್ ಥರದ ಮಿಲ್ಕ್ ಚಾಕೊಲೇಟ್, ಅಮುಲ್‌ನ ಶೇ. 55 ಮತ್ತು ಶೇ. 75ರ ಡಾರ್ಕ್, ಒಂದು ಬಿಳಿ ಚಾಕೊಲೇಟ್, ವೇಫರ್ ಇರುವ ಬಾರ್, ಕ್ಯಾರಮೆಲ್, ನೆಲಗಡಲೆ ತುಂಬಿದ ಸ್ನಿಕರ್ಸ್, 'ಚಾಕೊ' ಲೇಪನದ ಅಗ್ಗದ ಮಾಲು, ಶುಗರ್ ಫ್ರೀ ಅಂತ ಬರೆದಿದ್ದ ಒಂದು ಬಾರ್. ಜೊತೆಗೆ ನಮ್ಮ ನೆಲಗಡಲೆ ಚಿಕ್ಕಿ. ಚಿಕ್ಕಿ ಚಾಕೊಲೇಟ್ ಅಲ್ಲ, ಗೊತ್ತು. ಆದರೆ ಸಂಜೆ ನಾಲ್ಕು ಗಂಟೆಗೆ ಕೈ ಹೋಗುವ ಡಬ್ಬದಲ್ಲಿ ಇವೆರಡೂ ಪಕ್ಕಪಕ್ಕದಲ್ಲೇ ಇರುತ್ತವೆ, ಹಾಗಾಗಿ ಸ್ಪರ್ಧೆಗೆ ಅದೂ ಬರಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವ ಅಂಕಿಗಳು ಬೇರೆ ಗಾತ್ರ ಹೇಳಿಲ್ಲದಿದ್ದರೆ 100 ಗ್ರಾಂ ಲೆಕ್ಕದವು, ಆ ಬಗೆಯ ಚಾಕೊಲೇಟ್‌ಗೆ ಸಾಮಾನ್ಯವಾಗಿ ಬರುವ ಅಂದಾಜುಗಳು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗುತ್ತದೆ.

ಮೊದಲು ಕ್ಯಾಲೊರಿ. ಹೆಚ್ಚಿನವರು ನೋಡುವುದು ಇದೊಂದನ್ನೇ, ಮತ್ತು ಚಾಕೊಲೇಟ್ ವಿಷಯದಲ್ಲಿ ಅತಿ ಕಡಿಮೆ ಉಪಯೋಗಕ್ಕೆ ಬರುವುದೂ ಇದೇ. ಮಿಲ್ಕ್ ಚಾಕೊಲೇಟ್ ಸುಮಾರು 535. ಬಿಳಿಯದು 540. ವೇಫರ್ ಬಾರ್ 515 ಆಸುಪಾಸು. ಕ್ಯಾರಮೆಲ್, ಕಡಲೆ ತುಂಬಿದ್ದು 490. ಶೇ. 70ರ ಮೇಲಿನ ಡಾರ್ಕ್? ಸುಮಾರು 600! ಡಾರ್ಕ್ ತಿಂದರೆ ತೂಕ ಇಳಿಯುತ್ತದೆ ಅಂತ ಇಡೀ ಬಾರ್ ಮುಗಿಸುವವರು ನಮ್ಮ ಆಫೀಸಲ್ಲೇ ಇದ್ದಾರೆ, ಅವರಿಗೆ ಈ ಸಾಲು ತೋರಿಸಿದಾಗ ಮುಖ ನೋಡಬೇಕಿತ್ತು. ಕಾರಣ ಸರಳ. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿಗೆ 9. ಕೋಕೋ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕೊಬ್ಬೇ. ಸಕ್ಕರೆ ತೆಗೆದು ಆ ಜಾಗಕ್ಕೆ ಕೋಕೋ ಸುರಿದಷ್ಟೂ ಕ್ಯಾಲೊರಿ ಏರಲೇಬೇಕು.

ಹಾಗಾಗಿ ನಾನು ನೋಡಲು ಶುರು ಮಾಡಿದ್ದು ಆ ಕ್ಯಾಲೊರಿ ಯಾವುದರಿಂದ ಬರುತ್ತಿದೆ ಅನ್ನುವುದನ್ನು. ಆಟ ಇರುವುದೇ ಅಲ್ಲಿ.

ಮಿಲ್ಕ್ ಮತ್ತು ಡಾರ್ಕ್

ಮಿಲ್ಕ್ ಚಾಕೊಲೇಟ್‌ನ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಸಕ್ಕರೆ. ಜಾಸ್ತಿ ತೂಕ ಇರುವುದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ, ಆದ್ದರಿಂದ ಮುಚ್ಚಿಡಲು ಆಗುವುದಿಲ್ಲ. ನೂರು ಗ್ರಾಂನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಸಕ್ಕರೆ, 30 ಗ್ರಾಂ ಹತ್ತಿರ ಕೊಬ್ಬು, 7-8 ಗ್ರಾಂ ಪ್ರೋಟೀನ್. ಹಾಲಿನಿಂದಾಗಿ 190 ಮಿ.ಗ್ರಾಂ. ಆಸುಪಾಸು ಕ್ಯಾಲ್ಸಿಯಂ. ಮಕ್ಕಳಿಗೆ ಕ್ಯಾಲ್ಸಿಯಂ ಸಿಗುತ್ತದಲ್ಲ ಅಂತ ಸಮಾಧಾನ ಮಾಡಿಕೊಳ್ಳುವವರಿಗೆ ಒಂದು ಮಾತು: ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ. ಇದೆ, ಮುದ್ದೆ ತಿಂದರೆ ಹಲ್ಲೂ ಹುಳುಕಾಗುವುದಿಲ್ಲ.

ನಮ್ಮ ದೇಶದ ನಿಯಮದ ಪ್ರಕಾರ ಮಿಲ್ಕ್ ಚಾಕೊಲೇಟ್ ಅನ್ನಿಸಿಕೊಳ್ಳಲು ಕೊಬ್ಬು ತೆಗೆದ ಕೋಕೋ ಅಂಶ ಶೇ. 2.5 ಇದ್ದರೂ ಸಾಕು. ಅಂದರೆ ಕೋಕೋದ ಒಳ್ಳೆಯ ಗುಣಗಳನ್ನು ಎಣಿಸಿಕೊಂಡು ಮಿಲ್ಕ್ ಚಾಕೊಲೇಟ್ ತಿನ್ನುವುದರಲ್ಲಿ ಅರ್ಥವಿಲ್ಲ. ರುಚಿಗೆ ತಿನ್ನಿ, ಸಾಕು.

ಡಾರ್ಕ್ ಚಾಕೊಲೇಟ್ ಮೇಲೆ ಬರೆದಿರುತ್ತದಲ್ಲ ಶೇ. 55, ಶೇ. 75 ಅಂತ, ಅದು ಕೋಕೋ ಪುಡಿ ಮತ್ತು ಕೋಕೋ ಬೆಣ್ಣೆ (ಬೀಜದಲ್ಲೇ ಇರುವ ಕೊಬ್ಬು) ಎರಡನ್ನೂ ಸೇರಿಸಿದ ಲೆಕ್ಕ. ಹಾಲು ಹಾಕದ ಡಾರ್ಕ್ ಆದರೆ ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ಸಕ್ಕರೆ. ಆದ್ದರಿಂದ ನೂರರಿಂದ ಆ ಸಂಖ್ಯೆ ಕಳೆದರೆ ಸಕ್ಕರೆ ಎಷ್ಟು ಅಂತ ಅಂಗಡಿಯಲ್ಲೇ ನಿಂತು ಹೇಳಬಹುದು. 55ರದ್ದರಲ್ಲಿ 45 ಗ್ರಾಂ, 75ರದ್ದರಲ್ಲಿ 25 ಗ್ರಾಂ.

ಈಗ ನನಗೆ ನಿಜಕ್ಕೂ ಅಚ್ಚರಿ ಆದದ್ದು ಹೇಳುತ್ತೇನೆ. ಈಗಿನ ಲೇಬಲ್‌ಗಳಲ್ಲಿ ಒಟ್ಟು ಸಕ್ಕರೆ ಮತ್ತು ಸೇರಿಸಿದ ಸಕ್ಕರೆ ಅಂತ ಎರಡು ಸಾಲು ಇರುತ್ತವೆ. ಮಿಲ್ಕ್ ಚಾಕೊಲೇಟ್‌ನ ಒಟ್ಟು ಸಕ್ಕರೆಯಲ್ಲಿ ಎಂಟು ಹತ್ತು ಗ್ರಾಂ ಹಾಲಿನದೇ ಲ್ಯಾಕ್ಟೋಸ್. ಅದನ್ನು ಕಳೆದು ಸೇರಿಸಿದ ಸಕ್ಕರೆ ಮಾತ್ರ ನೋಡಿದರೆ ಸುಮಾರು 45ಕ್ಕೆ ಬಂದು ನಿಲ್ಲುತ್ತದೆ. 55ರ ಡಾರ್ಕ್‌ನಲ್ಲಿ ಎಷ್ಟಿತ್ತು? ಅದೇ 45! ಡಾರ್ಕ್ ಅನ್ನುವ ಹೆಸರು, ಕಪ್ಪು ಕಾಗದ, ಆರೋಗ್ಯದ ಗತ್ತು, ಎಲ್ಲ ಇದ್ದು ಸಕ್ಕರೆ ವಿಷಯದಲ್ಲಿ ಇಬ್ಬರೂ ಒಂದೇ. 55ರದ್ದು ಕೆಟ್ಟದ್ದು ಅಂತ ಅಲ್ಲ. ಅದರಲ್ಲಿ 7 ಗ್ರಾಂ ಹತ್ತಿರ ನಾರು ಇದೆ, ಮಿಲ್ಕ್‌ನಲ್ಲಿ ಮೂರು ಚಿಲ್ಲರೆ. ಕಬ್ಬಿಣ, ಮೆಗ್ನೀಸಿಯಂ ಕೂಡ ದುಪ್ಪಟ್ಟಿಗಿಂತ ಜಾಸ್ತಿ. ಆದರೆ ಸಕ್ಕರೆ ಕಡಿಮೆ ಮಾಡಬೇಕು ಅನ್ನುವ ಒಂದೇ ಕಾರಣಕ್ಕೆ ಮಿಲ್ಕ್ ಬಿಟ್ಟು 55ಕ್ಕೆ ಬಂದಿದ್ದರೆ ನೀವಿನ್ನೂ ಅಲ್ಲೇ ಇದ್ದೀರಿ. ವ್ಯತ್ಯಾಸ ಶುರುವಾಗುವುದು 70 ದಾಟಿದ ಮೇಲೆ.

75ರದ್ದನ್ನು ಮೊದಲ ಸಲ ತಿಂದಾಗ ಖುಷಿ ಆಗಲಿಲ್ಲ. ಕಹಿ, ಒಗರು, ಕೊನೆಯಲ್ಲಿ ನಾಲಿಗೆ ಒಣಗಿದ ಹಾಗೆ. ಪುತ್ತೂರು ಕಡೆಯ ಅಡಿಕೆ ತೋಟಗಳಲ್ಲಿ ಓಡಾಡಿದವರಿಗೆ ಈ ರುಚಿ ಹೊಸದೇನಲ್ಲ. ಅಡಿಕೆ ಮರಗಳ ನಡುವೆ ಕೋಕೋ ಗಿಡ ಇರುತ್ತದೆ, ಅದರ ಕಾಯಿ ರೆಂಬೆಯ ತುದಿಯಲ್ಲಿ ಬಿಡುವುದಿಲ್ಲ, ನೇರ ಕಾಂಡಕ್ಕೇ ಅಂಟಿಕೊಂಡು ಬೆಳೆಯುತ್ತದೆ. ಹಳದಿ ತಿರುಗಿದ ಹಣ್ಣನ್ನು ಒಡೆದರೆ ಬೀಜದ ಸುತ್ತ ಬಿಳಿ ಲೋಳೆಯಂಥ ತಿರುಳು, ಹುಳಿಸಿಹಿ. ಚಿಕ್ಕಂದಿನಲ್ಲಿ ಅದನ್ನು ಚೀಪಿ ಬೀಜ ಉಗುಳುತ್ತಿದ್ದೆವು, ಅಳಿಲು ಬಿಟ್ಟ ಹಣ್ಣು ಸಿಕ್ಕರೆ ಪುಣ್ಯ. ಬೀಜವನ್ನು ಅಪ್ಪಿತಪ್ಪಿ ಕಚ್ಚಿದರೆ ಒಳಗೆ ನೇರಳೆ ಬಣ್ಣ, ಮತ್ತು ಬಾಯಿ ಮುದುಡಿಹೋಗುವಷ್ಟು ಒಗರು. ಅದನ್ನು ಐದಾರು ದಿನ ಹುಳಿಬರಿಸಿ, ಒಣಗಿಸಿ, ಹುರಿದ ಮೇಲಷ್ಟೇ ಚಾಕೊಲೇಟ್‌ನ ಪರಿಮಳ ಬರುವುದು. 1973ರಲ್ಲಿ ಶುರುವಾದ, ಅಡಿಕೆ ಮತ್ತು ಕೋಕೋ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ, ಕೋಕೋ ಬೆಲೆ ಬಿದ್ದು ಬೀಜ ಕೇಳುವವರಿಲ್ಲದ ಕಾಲದಲ್ಲಿ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲೇ ಕಾರ್ಖಾನೆ ಹಾಕಿತು. ಬೀಜದ ಆ ಒಗರು 75ರ ಡಾರ್ಕ್‌ನಲ್ಲಿ ಸ್ವಲ್ಪ ಉಳಿದಿರುತ್ತದೆ, ಮಿಲ್ಕ್ ಚಾಕೊಲೇಟ್‌ನಲ್ಲಿ ಸಕ್ಕರೆ ಅದನ್ನು ಪೂರ್ತಿ ನುಂಗಿರುತ್ತದೆ.

ಆ ಒಗರೇ ನನಗೆ ಕೆಲಸಕ್ಕೆ ಬಂತು. ಮಿಲ್ಕ್ ಚಾಕೊಲೇಟ್ ತೆರೆದರೆ ಕೊನೆಯ ತುಂಡಿನವರೆಗೆ ಕೈ ನಿಲ್ಲುವುದಿಲ್ಲ. 75ರದ್ದು ಎರಡು ತುಂಡಿಗೆ ಸಾಕು ಅನ್ನಿಸುತ್ತದೆ, ತಕ್ಕಡಿ ಪ್ರಕಾರ 20 ಗ್ರಾಂ ಒಳಗೆ. ಲೆಕ್ಕ ಹಾಕಿ: 20 ಗ್ರಾಂ ಡಾರ್ಕ್ ಅಂದರೆ 120 ಕ್ಯಾಲೊರಿ, 5 ಗ್ರಾಂ ಸಕ್ಕರೆ. ಒಮ್ಮೆಗೆ ಮುಗಿಯುವ 50 ಗ್ರಾಂ ಮಿಲ್ಕ್ ಚಾಕೊಲೇಟ್ ಅಂದರೆ 265ರ ಮೇಲೆ, ಸೇರಿಸಿದ ಸಕ್ಕರೆಯೇ 22-23 ಗ್ರಾಂ. ಲೇಬಲ್‌ನಲ್ಲಿ ದಿನಕ್ಕೆ ಎಷ್ಟು ಅಂತ ಶೇಕಡಾವಾರು ಹಾಕುತ್ತಾರಲ್ಲ, ಅದಕ್ಕೆ ಹಿಡಿಯುವ ಮಿತಿ 50 ಗ್ರಾಂ ಸೇರಿಸಿದ ಸಕ್ಕರೆ. ಅರ್ಧ ಅಲ್ಲೇ ಮುಗಿಯಿತು. ನೂರು ಗ್ರಾಂಗೆ ಜಾಸ್ತಿ ಕ್ಯಾಲೊರಿ ಇದ್ದರೂ ತಿನ್ನುವ ಹೊತ್ತಿಗೆ ಡಾರ್ಕ್ ಗೆಲ್ಲುವುದು ಹೀಗೆ. ಆದರೆ ನಿಮಗೆ ಆ ಕಹಿ ಇಷ್ಟವಾಗಿಹೋಗಿ ಇಡೀ ಬಾರ್ ತಿನ್ನುವ ಅಭ್ಯಾಸ ಬಂದರೆ ಈ ಲೆಕ್ಕ ಉಲ್ಟಾ.

99ರದ್ದೂ ಸಿಗುತ್ತದೆ. ಒಂದು ತುಂಡು ತಿಂದೆ. ಉಳಿದದ್ದನ್ನು ಹಾಲಿಗೆ ಹಾಕಿ ಬೆಲ್ಲ ಬೆರೆಸಿ ಕುಡಿದೆ, ಅಲ್ಲಿಗೆ ಅದರ ಉದ್ದೇಶವೇ ಹಾಳಾಯಿತು.

ಡಾರ್ಕ್ ಪರ ಹೇಳುವ ಇನ್ನೆರಡು ಮಾತು ಸ್ವಲ್ಪ ಜಾಲಿಸಬೇಕು. ಒಂದು ಕಬ್ಬಿಣ. ಶೇ. 70ರ ಮೇಲಿನ ಡಾರ್ಕ್‌ನಲ್ಲಿ ನೂರು ಗ್ರಾಂಗೆ 12 ಮಿ.ಗ್ರಾಂ. ಹತ್ತಿರ ಇದೆ, ಕೇಳಲು ಭರ್ಜರಿ. ನಾವು ತಿನ್ನುವ 20 ಗ್ರಾಂಗೆ 2.4 ಮಿ.ಗ್ರಾಂ. ಹೆಂಗಸರಿಗೆ ದಿನಕ್ಕೆ ಬೇಕಾದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ 29. ಅದರ ಮೇಲೆ ಕೋಕೋದಲ್ಲಿರುವ ಒಗರಿನ ಅಂಶಗಳಾದ ಪಾಲಿಫಿನಾಲ್‌ಗಳೇ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ರಕ್ತ ಕಡಿಮೆ ಇದೆ ಅಂತ ಡಾರ್ಕ್ ಚಾಕೊಲೇಟ್ ತಿನ್ನಿ ಅನ್ನುವ ವಾಟ್ಸಾಪ್ ಸಲಹೆ ಬಂದರೆ ನಂಬಬೇಡಿ. ಮೆಗ್ನೀಸಿಯಂ ಮಾತ್ರ ಪರವಾಗಿಲ್ಲ, 20 ಗ್ರಾಂಗೆ 45 ಮಿ.ಗ್ರಾಂ. ಸಿಗುತ್ತದೆ, ದಿನದ ಅಗತ್ಯದ ಹತ್ತನೇ ಒಂದು ಭಾಗದಷ್ಟು.

ಇನ್ನೊಂದು, ಹೃದಯಕ್ಕೆ ಒಳ್ಳೆಯದು ಅನ್ನುವುದು. ಅಮೆರಿಕದಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಜಾಸ್ತಿ ಜನರ ಮೇಲೆ ಕಾಸ್ಮಾಸ್ ಅನ್ನುವ ದೊಡ್ಡ ಪ್ರಯೋಗ ನಡೆದು 2022ರಲ್ಲಿ ಫಲಿತಾಂಶ ಬಂತು. ದಿನಕ್ಕೆ 500 ಮಿ.ಗ್ರಾಂ. ಕೋಕೋ ಫ್ಲಾವನಾಲ್ (ಅದೇ ಪಾಲಿಫಿನಾಲ್‌ಗಳ ಒಂದು ಬಗೆ) ಕೊಟ್ಟರು. ಒಟ್ಟು ಹೃದ್ರೋಗದ ಘಟನೆಗಳಲ್ಲಿ ಖಚಿತವಾಗಿ ಹೇಳಬಹುದಾದಷ್ಟು ಇಳಿಕೆ ಕಾಣಲಿಲ್ಲ, ಹೃದ್ರೋಗದ ಸಾವುಗಳು ಮಾತ್ರ ಕಡಿಮೆ ಆಗಿದ್ದವು. ಮುಖ್ಯ ವಿಷಯ ಏನೆಂದರೆ ಅವರು ಕೊಟ್ಟಿದ್ದು ಮಾತ್ರೆ, ಚಾಕೊಲೇಟ್ ಅಲ್ಲ. ಬೀಜವನ್ನು ಹುಳಿಬರಿಸುವಾಗ, ಹುರಿಯುವಾಗ, ಕ್ಷಾರ ಹಾಕಿ ಬಣ್ಣ ಗಾಢ ಮಾಡುವಾಗ ಫ್ಲಾವನಾಲ್ ಬಹಳಷ್ಟು ಹೋಗುತ್ತದೆ. ಕಪ್ಪಗಿದ್ದ ಮಾತ್ರಕ್ಕೆ ಜಾಸ್ತಿ ಇದೆ ಅಂತಲೂ ಹೇಳಲಾಗುವುದಿಲ್ಲ.

ದಿನಾ ಡಾರ್ಕ್ ತಿನ್ನುವವರು ಇನ್ನೊಂದನ್ನು ತಿಳಿದಿರಬೇಕು. ಅದೇ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ 28 ಡಾರ್ಕ್ ಬಾರ್‌ಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 23ರಲ್ಲಿ ದಿನಕ್ಕೆ ಒಂದು ಔನ್ಸ್, ಅಂದರೆ 28 ಗ್ರಾಂ, ತಿಂದರೆ ಸೀಸ ಅಥವಾ ಕ್ಯಾಡ್ಮಿಯಂ (ಎರಡೂ ವಿಷದ ಲೋಹಗಳು) ಅವರು ಹಿಡಿದ ಮಿತಿ ದಾಟುತ್ತಿತ್ತು. ಕ್ಯಾಡ್ಮಿಯಂ ಮಣ್ಣಿನಿಂದ ಬೇರಿನ ಮೂಲಕ ಬೀಜಕ್ಕೆ ಏರುತ್ತದೆ, ಸೀಸ ಹೆಚ್ಚಾಗಿ ಬೀಜ ಹೊರಗೆ ಒಣಗುವಾಗ ಧೂಳಿನಿಂದ ಕೂರುತ್ತದೆ. ಕೋಕೋ ಜಾಸ್ತಿ ಇದ್ದಷ್ಟೂ ಇದೂ ಜಾಸ್ತಿ ಇರುವ ಸಾಧ್ಯತೆ. ಹೆದರಿ ಬಿಡಬೇಕಾಗಿಲ್ಲ. ಆದರೆ ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಔಷಧದ ಹಾಗೆ ದಿನಾ ಡಾರ್ಕ್ ಕೊಡುವುದು ಬೇಡ.

ಅಂಗೈ ಮೇಲಿನ ಪರೀಕ್ಷೆ

ಅಗ್ಗದ 'ಚಾಕೊ' ಮಾಲಿನ ವಿಷಯಕ್ಕೆ ಬರೋಣ. ಇದನ್ನು ವ್ಯಾಪಾರದವರು ಕಾಂಪೌಂಡ್ ಅನ್ನುತ್ತಾರೆ. ಕೋಕೋ ಬೆಣ್ಣೆ ದುಬಾರಿ, ಅದನ್ನು ತೆಗೆದು ಪಾಮ್ ಕರ್ನಲ್ (ತಾಳೆ ಬೀಜದ ಎಣ್ಣೆ) ಥರದ ಸಸ್ಯದ ಕೊಬ್ಬು ಹಾಕಿ, ಬಣ್ಣಕ್ಕೂ ರುಚಿಗೂ ಸ್ವಲ್ಪ ಕೋಕೋ ಪುಡಿ ಬೆರೆಸಿದ್ದು. ಚಾಕೊಲೇಟ್ ಅಂತ ಹೆಸರಿಡಬೇಕಾದರೆ ಕೋಕೋ ಬೆಣ್ಣೆ ಬಿಟ್ಟು ಬೇರೆ ಸಸ್ಯದ ಕೊಬ್ಬು ಶೇ. 5 ಮೀರಬಾರದು ಅನ್ನುವ ನಿಯಮ ಇದೆ. ಆದ್ದರಿಂದ ಇವು 'ಚಾಕೊ' ಅಂತಲೋ 'ಚಾಕೊ ಲೇಯರ್' ಅಂತಲೋ ನುಣುಚಿಕೊಳ್ಳುತ್ತವೆ. ಬೇಕರಿ ಕೇಕ್ ಮೇಲೆ ಹೊಳೆಯುವ ಕಂದು ಲೇಪನ, ಬರ್ತ್‌ಡೇಗೆ ಅಚ್ಚಿನಲ್ಲಿ ಹಾಕಿಕೊಡುವ ಗೊಂಬೆ ಚಾಕೊಲೇಟ್, ಬಹುಪಾಲು ಇದೇ.

ಗೊತ್ತು ಮಾಡಲು ಲೇಬಲ್ ಬೇಕೇ ಆಗಿಲ್ಲ. ಎರಡು ತುಂಡನ್ನು ಒಂದೊಂದು ಅಂಗೈಯಲ್ಲಿ ಹಿಡಿದು ಕೂತೆ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ, ಮೈ ಬಿಸಿಗಿಂತ ಒಂಚೂರು ಕೆಳಗೆ. ಬಲಗೈಯ ಮಿಲ್ಕ್ ಚಾಕೊಲೇಟ್ ಸ್ವಲ್ಪ ಹೊತ್ತಿಗೆ ಅಂಚಿನಿಂದ ಮೆತ್ತಗಾಗಿ ಗೆರೆಗಳ ಒಳಗೆ ಇಳಿಯಿತು. ಎಡಗೈಯ ಚಾಕೊ ತುಂಡು ಮೇಲೆ ಒಂಚೂರು ಮಂಕಾದದ್ದು ಬಿಟ್ಟರೆ ಹಾಗೇ ಕೂತಿತ್ತು, ಮೂಲೆ ಕೂಡ ಮುರಿಯಲಿಲ್ಲ. ಬಾಯಿಗೆ ಹಾಕಿದರೂ ಅಷ್ಟೇ, ಅಗಿಯಬೇಕು, ಆಮೇಲೆ ಅಂಗುಳಿಗೆ ಮೇಣದ ಪದರ ಹತ್ತಿಕೊಳ್ಳುತ್ತದೆ, ಬಿಸಿ ಕಾಫಿ ಕುಡಿಯುವವರೆಗೂ ಹೋಗುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಅಂಗಡಿಯವರಿಗೆ ಇದೇ ಅನುಕೂಲ, ಫ್ರಿಜ್ ಇಲ್ಲದೆ ಇಡಬಹುದು.

ಪೋಷಣೆಯ ಲೆಕ್ಕದಲ್ಲಿ ಸ್ಯಾಚುರೇಟೆಡ್ ಕೊಬ್ಬಿನ (ಕೊಲೆಸ್ಟರಾಲ್ ಏರಿಸುತ್ತದೆ ಅನ್ನುವ ಬಗೆ) ಸಾಲು ನೋಡಿದರೆ ಎರಡರಲ್ಲೂ ಜಾಸ್ತಿಯೇ. ಆದರೆ ಕೋಕೋ ಬೆಣ್ಣೆಯಲ್ಲಿ ಮೂರನೇ ಒಂದು ಭಾಗ ಸ್ಟಿಯರಿಕ್ ಆಮ್ಲ, ಅದು ಕೆಟ್ಟ ಕೊಲೆಸ್ಟರಾಲನ್ನು ಅಷ್ಟಾಗಿ ಏರಿಸುವುದಿಲ್ಲ. ಪಾಮ್ ಕರ್ನಲ್‌ನಲ್ಲಿ ಲಾರಿಕ್ ಆಮ್ಲ ಜಾಸ್ತಿ, ಅದು ಏರಿಸುತ್ತದೆ. ಲೇಬಲ್‌ನಲ್ಲಿ ಎರಡೂ ಒಂದೇ ಸಾಲಿನಲ್ಲಿ ಬರುವುದರಿಂದ ಈ ವ್ಯತ್ಯಾಸ ಕಾಣಿಸುವುದಿಲ್ಲ, ಪದಾರ್ಥಗಳ ಪಟ್ಟಿಯಲ್ಲಿ ಸಸ್ಯದ ಕೊಬ್ಬು ಎಷ್ಟನೇ ಜಾಗದಲ್ಲಿದೆ ಅಂತ ನೋಡಬೇಕು. ಹೃದಯಕ್ಕೆ ಇನ್ನೂ ಕೆಟ್ಟದಾದ ಟ್ರಾನ್ಸ್ ಕೊಬ್ಬಿನ ಭಯ ಮೊದಲಿನಷ್ಟಿಲ್ಲ. 2022ರ ಜನವರಿಯಿಂದ ಎಣ್ಣೆ ಕೊಬ್ಬಿನಲ್ಲಿ ಅದು ಶೇ. 2 ಮೀರಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕಡ್ಡಾಯ ಮಾಡಿದೆ.

ಕೋಕೋ ಬೆಲೆ ಏರಿದಾಗ ಈ ಮಾಲು ಜಾಸ್ತಿ ಆಗುವುದು ಸಹಜ ಅಲ್ವಾ. 2023ರ ಆರಂಭದಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಟನ್ನಿಗೆ 2,600 ಡಾಲರ್ ಆಸುಪಾಸು ಇದ್ದ ಕೋಕೋ, ಐವರಿ ಕೋಸ್ಟ್ ಮತ್ತು ಘಾನಾದಲ್ಲಿ ಬೆಳೆ ಕೈಕೊಟ್ಟು 2024ರ ಡಿಸೆಂಬರ್‌ನಲ್ಲಿ 12,000 ದಾಟಿತ್ತು. ಬೆಲೆ ಅಷ್ಟೇ ಇಟ್ಟು ಚಾಕೊಲೇಟ್ ಮಾರಬೇಕು ಅಂದರೆ ದಾರಿ ಎರಡೇ: ಬಾರ್ ಚಿಕ್ಕದು ಮಾಡುವುದು, ಇಲ್ಲ ಕೋಕೋ ಕಡಿಮೆ ಮಾಡುವುದು.

ಬಿಳಿ ಚಾಕೊಲೇಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋಕೋ ಬೆಣ್ಣೆ, ಹಾಲು, ಸಕ್ಕರೆ. ನೂರರಲ್ಲಿ 59 ಗ್ರಾಂ ಸಕ್ಕರೆ, ನಾರು ಸೊನ್ನೆ. ಇಷ್ಟಪಡುವವರು ಪಡಲಿ.

ವೇಫರ್ ಬಾರ್ ಒಂದು ಉಪಾಯದ ವಸ್ತು. ಒಳಗೆ ಮೈದಾ, ನಡುವೆ ಗಾಳಿ. ನೂರು ಗ್ರಾಂಗೆ ನೋಡಿದರೆ ಏನೂ ಹೆಚ್ಚುಗಾರಿಕೆ ಇಲ್ಲ, ಆದರೆ ಕಣ್ಣಿಗೆ ದೊಡ್ಡದು, ತಕ್ಕಡಿಗೆ ಹಗುರ. ನಾಲ್ಕು ಬೆರಳಿನ ಬಾರ್ ಕರುಂಕುರುಂ ಅಂತ ತಿಂದ ತೃಪ್ತಿ ಆಗುತ್ತದೆ, ಅಷ್ಟೇ ಅಗಲದ ಗಟ್ಟಿ ಚಾಕೊಲೇಟ್‌ಗಿಂತ ಹೊಟ್ಟೆಗೆ ಹೋಗಿದ್ದು ಕಡಿಮೆ. ಪೋಷಕಾಂಶಕ್ಕೆ ಅಲ್ಲ, ಕೈ ಕಟ್ಟಿಹಾಕಲು ಪರವಾಗಿಲ್ಲ.

ಸ್ನಿಕರ್ಸ್ ಎದುರು ಚಿಕ್ಕಿ

ಹಸಿವಿಗೆ ಅಂತ ತಿನ್ನುವವರಿಗೆ ಇದೇ ಅಸಲಿ ಪಂದ್ಯ. ಐವತ್ತು ಗ್ರಾಂನ ಸ್ನಿಕರ್ಸ್ ಸುಮಾರು 245 ಕ್ಯಾಲೊರಿ, ನಾಲ್ಕು ಗ್ರಾಂ ಚಿಲ್ಲರೆ ಪ್ರೋಟೀನ್, 25 ಗ್ರಾಂ ಹತ್ತಿರ ಸಕ್ಕರೆ. ಕಡಲೆ ಇದೆ ಅನ್ನುವ ಕಾರಣಕ್ಕೆ ಇದನ್ನು ಊಟದ ಬದಲಿಗೆ ತಿನ್ನುವವರನ್ನು ನೋಡಿದ್ದೇನೆ. ಮನೆಯಲ್ಲಿ ಮೂರು ಪಾಲು ನೆಲಗಡಲೆ, ಎರಡು ಪಾಲು ಬೆಲ್ಲ ಹಾಕಿ ಮಾಡಿದ ಚಿಕ್ಕಿ 50 ಗ್ರಾಂಗೆ ಲೆಕ್ಕ ಹಾಕಿದರೆ ಕ್ಯಾಲೊರಿ ಅಷ್ಟೇ, ಪ್ರೋಟೀನ್ ಮಾತ್ರ 7-8 ಗ್ರಾಂ, ಸಿಹಿಯೂ 20 ಗ್ರಾಂ ಒಳಗೆ. ಕೊಬ್ಬು ಕೂಡ ಹೆಚ್ಚಾಗಿ ಕಡಲೆಯದೇ ಅನ್‌ಸ್ಯಾಚುರೇಟೆಡ್. ಸ್ನಿಕರ್ಸ್ ತಿಂದ ಸಂಜೆಗಳಲ್ಲಿ ಆರೂವರೆ ಹೊತ್ತಿಗೆ ಮತ್ತೆ ಡಬ್ಬ ಹುಡುಕಿದ್ದೇನೆ, ಚಿಕ್ಕಿ ತಿಂದ ದಿನ ರಾತ್ರಿ ಊಟದವರೆಗೆ ನೆನಪೇ ಆಗಿಲ್ಲ. ಅಗಿಯಲು ಹೊತ್ತು ಹಿಡಿಯುವುದೂ ಒಂದು ಕಾರಣ ಇರಬೇಕು.

ಬೆಲ್ಲ ಆರೋಗ್ಯಕರ ಅಂತ ಮಾತ್ರ ಹೇಳಬೇಡಿ. ಮೈಯೊಳಗೆ ಹೋದ ಮೇಲೆ ಅದೂ ಸಕ್ಕರೆಯೇ, ಸಕ್ಕರೆ ಕಾಯಿಲೆ ಇರುವವರಿಗೆ ರಿಯಾಯಿತಿ ಏನಿಲ್ಲ. ಮತ್ತೆ ಅಂಗಡಿಯ ಚಿಕ್ಕಿಯಲ್ಲಿ ಬೆಲ್ಲದ ಜೊತೆ ಗ್ಲೂಕೋಸ್ ಸಿರಪ್ ಇರುವುದುಂಟು, ನೆಲಗಡಲೆಗಿಂತ ಪಾಕವೇ ಜಾಸ್ತಿ ಕಾಣುವ ಚಿಕ್ಕಿಯನ್ನು ನಾನು ಕೊಳ್ಳುವುದಿಲ್ಲ.

ಈಗ ಶುಗರ್ ಫ್ರೀ. ಸಕ್ಕರೆಯ ಜಾಗದಲ್ಲಿ ಮಾಲ್ಟಿಟಾಲ್ ಅನ್ನುವ, ಪಾಲಿಯಾಲ್ ಬಗೆಯ ಸಿಹಿ ಪದಾರ್ಥ ಇತ್ತು. ರುಚಿ ಆಶ್ಚರ್ಯ ಆಗುವಷ್ಟು ಚೆನ್ನಾಗಿತ್ತು, ಒಪ್ಪಿಕೊಳ್ಳಬೇಕು. ಆದರೆ ಮಾಲ್ಟಿಟಾಲ್‌ಗೂ ಗ್ರಾಂಗೆ ಎರಡು ಚಿಲ್ಲರೆ ಕ್ಯಾಲೊರಿ ಇದೆ, ಕೊಬ್ಬು ಹೇಗಿತ್ತೋ ಹಾಗೇ ಇದೆ, ಆದ್ದರಿಂದ ಒಟ್ಟು ಲೆಕ್ಕದಲ್ಲಿ ಉಳಿತಾಯ ಆಗುವುದು ನೂರು ಕ್ಯಾಲೊರಿ ಒಳಗೆ. ರಕ್ತದ ಸಕ್ಕರೆಯನ್ನೂ ಅದು ಪೂರ್ತಿ ಬಿಟ್ಟುಬಿಡುವುದಿಲ್ಲ, ಕಡಿಮೆ ಏರಿಸುತ್ತದೆ ಅಷ್ಟೇ. ಹಿಂದೆ ಸಣ್ಣದಾಗಿ, ಪಾಲಿಯಾಲ್‌ಗಳಿಂದ ಭೇದಿ ಆಗಬಹುದು ಅಂತ ಬರೆದಿರುತ್ತದೆ. ಸುಮ್ನೆ ಬರೆದಿರುವುದಲ್ಲ. ಅರ್ಧ ಬಾರ್ ತಿಂದ ಸಂಜೆ ಹೊಟ್ಟೆ ಗುಡುಗುಡು ಅನ್ನುತ್ತಾ ಒಂದು ಮೀಟಿಂಗ್ ಪೂರ್ತಿ ಮೈಕ್ ಮ್ಯೂಟ್ ಮಾಡಿಕೊಂಡು ಕೂತಿದ್ದೆ. ಡಯಾಬಿಟಿಸ್ ಇರುವ ಹಿರಿಯರಿಗೆ ಇದನ್ನು ಡಬ್ಬಗಟ್ಟಲೆ ಉಡುಗೊರೆ ಕೊಡುವ ಮೊದಲು ಯೋಚಿಸಿ. ಅವರಿಗೆ ಒಂದು ತುಂಡು 75ರ ಡಾರ್ಕ್ ಎಷ್ಟೋ ವಾಸಿ.

ಮಕ್ಕಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹತ್ತು ರೂಪಾಯಿಯ ಪುಟ್ಟ ಮಿಲ್ಕ್ ಬಾರ್ ಹತ್ತು ಹದಿಮೂರು ಗ್ರಾಂ ಇರುತ್ತದೆ, ಸಕ್ಕರೆ ಏಳು ಗ್ರಾಂ ಮೀರುವುದಿಲ್ಲ. ಎರಡು ಚಮಚ ಸಕ್ಕರೆ ಹಾಕಿದ ಕಾಫಿಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ, ಅದನ್ನು ದಿನಕ್ಕೆ ಮೂರು ಸಲ ಕುಡಿಯುವವರೇ ಮಗುವಿಗೆ ಚಾಕೊಲೇಟ್ ಬೇಡ ಅಂತ ಕಣ್ಣು ಬಿಡುತ್ತಾರೆ. ಊಟ ಆದ ಮೇಲೆ ಪುಟ್ಟ ಬಾರ್ ಕೊಟ್ಟು ಬಾಯಿ ತೊಳೆಸಿದರೆ ಆಯಿತು. ದೊಡ್ಡ ಫ್ಯಾಮಿಲಿ ಪ್ಯಾಕ್ ಮನೆಗೆ ತರುವುದೇ ತಾಪತ್ರಯ, ಗ್ರಾಂಗೆ ಅಗ್ಗ ಅಂತ ತಂದದ್ದು ಒಂದೇ ದಿನಕ್ಕೆ ಖಾಲಿ. ನಾಯಿ ಇರುವ ಮನೆಯಲ್ಲಿ ಡಾರ್ಕ್ ಮೇಲಿನ ಶೆಲ್ಫಿನಲ್ಲಿರಲಿ, ಅದರಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ.

ಸದ್ಯ ನಮ್ಮ ಡಬ್ಬದಲ್ಲಿ ಇರುವುದು 75ರ ಒಂದು ಬಾರ್, ಮನೆಯ ಚಿಕ್ಕಿ, ಮಗುವಿಗೆ ನಾಲ್ಕೈದು ಪುಟ್ಟ ಮಿಲ್ಕ್ ಬಾರ್. 55ರದ್ದನ್ನು ಕೇಕ್ ಮಾಡುವಾಗ ಮಾತ್ರ ತರುತ್ತೇನೆ, ಅದಕ್ಕೆ ಅದು ಚೆನ್ನಾಗಿದೆ. ಹೊರಗಿಟ್ಟು ಕರಗಿ ಮತ್ತೆ ಗಟ್ಟಿಯಾದ ಬಾರ್ ಮೇಲೆ ಬೂದು ಬಿಳಿ ಪುಡಿಯಂಥದ್ದು ಕಂಡರೆ ಬೂಷ್ಟು ಅಂತ ಎಸೆಯಬೇಡಿ. ಕೋಕೋ ಬೆಣ್ಣೆ ಮೇಲೆ ಬಂದಿರುವುದು ಅದು, ಪೋಷಕಾಂಶ ಏನೂ ಬದಲಾಗಿರುವುದಿಲ್ಲ, ಹಾಲಿಗೆ ಹಾಕಿ ಕಾಯಿಸಿ ಕುಡಿಯಬಹುದು.